ಬಿದ್ದ ಜಾಗ

ಆಟೋದಿಂದ ಇಳಿದವಳೇ ಮಹಾಲಿಂಗನ ತಾಯಿ ಚಿಕ್ಕಮಾದಮ್ಮ ಕೇಳಿದಳು. "ಎಲ್ಲಿ ಬಿದ್ದ, ತೋರ್ಸು ಮಗ."

ಶಾಂತರಾಜು ಗಾಡಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ರಸ್ತೆಯನ್ನು ಆ ಕಡೆಯಿಂದ ಈ ಕಡೆಗೆ ನೋಡಿದ. ತೆರಕಣಾಂಬಿ ದಾಟಿ ಚಾಮರಾಜನಗರದ ಕಡೆಗೆ ಎರಡು ಕಿಲೋಮೀಟರ್ ಹೋದರೆ ಸಿಗುವ ಹುಣಸೆಮರದ ತಿರುವು ಅದು. ಬದನಗುಪ್ಪೆಯ ನೂಲಿನ ಫ್ಯಾಕ್ಟರಿಗೆ ಹೋಗುವಾಗ, ಬರುವಾಗ, ಅವನೂ ಮಹಾಲಿಂಗನೂ ಒಂಬತ್ತು ವರ್ಷದಿಂದ ದಿನಾ ದಾಟಿದ ತಿರುವು. ಒಬ್ಬರ ಗಾಡಿ ಮುಂದೆ, ಒಬ್ಬರದು ಹಿಂದೆ. ಅಲ್ಲಿ ಮಹಾಲಿಂಗ ಯಾವತ್ತೂ ಬಿದ್ದಿರಲಿಲ್ಲ.

ಟಾರಿನ ಅಂಚಿಗೆ ಯಾವುದೋ ಟ್ರ್ಯಾಕ್ಟರಿನ ಆಯಿಲ್ ಸೋರಿ ತಟ್ಟೆಯಗಲದ ಕರೆಯಾಗಿತ್ತು. ಶಾಂತರಾಜು ಅದರ ಕಡೆ ಕೈ ತೋರಿಸಿದ.

"ಅಲ್ಲೇ ಕಣವ್ವ."

ಚಿಕ್ಕಮಾದಮ್ಮ ಆ ಕರೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಟಾರು ಕಾದಿತ್ತು, ಆದರೂ ಕೈ ತೆಗೆಯಲಿಲ್ಲ. ಆಮೇಲೆ ಸೆರಗಿನ ತುದಿಯಿಂದ ಸುತ್ತಲಿನ ಧೂಳು ಒರೆಸತೊಡಗಿದಳು, ಮಗನಿಗೆ ಊಟಕ್ಕಿಡುವ ಮುಂಚೆ ನೆಲ ಒರೆಸುವ ಹಾಗೆ. ಇಂಥದ್ದನ್ನು ನೋಡಿದರೆ ಯಾರಿಗಾದರೂ ಅಳು ಬರಬೇಕು. ಶಾಂತರಾಜುವಿಗೆ ಏನೂ ಆಗಲಿಲ್ಲ. ಮಹಾಲಿಂಗ ತೀರಿಕೊಂಡು ಹತ್ತು ದಿನವಾಗಿತ್ತು. ಆ ಹತ್ತು ದಿನವೂ ಅವನಿಗೆ ಏನೂ ಆಗಿರಲಿಲ್ಲ. ಹೆಗಲು ಕೊಟ್ಟ, ಮಣ್ಣು ಹಾಕಿದ, ಮನೆಗೆ ಬಂದು ಸ್ನಾನ ಮಾಡಿ ಉಂಡ. ಮೂರು ಮುದ್ದೆ ಉಂಡ. ತನಗೇ ನಾಚಿಕೆಯಾಗುವಷ್ಟು ಹಸಿವಾಗಿತ್ತು.

ನಾಳೆ ತಿಥಿ. ಅದಕ್ಕೆ ಮುಂಚೆ ಮಹಾಲಿಂಗನನ್ನು ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಹೊರಗೆ ಎಲ್ಲೋ ಬಿದ್ದು ಸತ್ತವನ ಜೀವ ಬಿದ್ದ ಜಾಗದಲ್ಲೇ ದಾರಿ ಕಾಯುತ್ತಾ ಕೂತಿರುತ್ತದೆ ಅನ್ನುವುದು ಅವರ ಮನೆತನದ ನಂಬಿಕೆ. ಮನೆಯವರು ಅಲ್ಲಿಗೆ ಹೋಗಿ, ನೀರು ಹಾಕಿ, ಕಾಯಿ ಒಡೆದು, ಹೆಸರು ಹಿಡಿದು ಮೂರು ಸಲ ಕರೆಯಬೇಕು. ಅಲ್ಲಿನ ಒಂದು ಕಲ್ಲನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ತರಬೇಕು. ತಂದ ಕಲ್ಲಿನ ಮುಂದೆ ಎಡೆ ಇಡಬೇಕು. ಕರೆಯದಿದ್ದರೆ ಬರುವುದಿಲ್ಲ. ಬೇರೆ ಎಲ್ಲೋ ನಿಂತು ಕರೆದರೂ ಬರುವುದಿಲ್ಲ, ಅವನಿಗೆ ಕೇಳಿಸಬೇಕಲ್ಲ. ಮಹಾಲಿಂಗನ ಉಸಿರು ನಿಂತದ್ದು ಬಿದ್ದ ಮೂರನೆಯ ದಿನ, ಮೈಸೂರಿನ ಆಸ್ಪತ್ರೆಯಲ್ಲಿ. ಆದರೂ ಲೆಕ್ಕಕ್ಕೆ ಬರುವುದು ಬಿದ್ದ ಜಾಗವೇ ಅಂತ ಚಿಕ್ಕಮಾದಮ್ಮನ ತಮ್ಮ ರಾಚಯ್ಯ ತೀರ್ಮಾನ ಹೇಳಿದ್ದ. ಇಂಥ ವಿಷಯದಲ್ಲಿ ರಾಚಯ್ಯನ ಮಾತೇ ಮಾತು.

ಈ ಸುಳ್ಳು ಹುಟ್ಟಿದ್ದು ಬೇರೊಂದು ಸಣ್ಣ ಸುಳ್ಳಿನಿಂದ. ತಿಂಗಳಿಗೊಂದು ಭಾನುವಾರ ಗೆಳೆಯರಿಬ್ಬರೂ ಫ್ಯಾಕ್ಟರಿಯಲ್ಲಿ ಓಟಿ ಇದೆ, ರಜೆಯ ದಿನದ ಹೆಚ್ಚಿನ ಡ್ಯೂಟಿ, ಅಂತ ಮನೆಯಲ್ಲಿ ಹೇಳಿ ಹೊರಡುತ್ತಿದ್ದರು. ಓಟಿ ಗೀಟಿ ಏನೂ ಇರುತ್ತಿರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು, ಫ್ಯಾಕ್ಟರಿಯ ಕಡೆ ಹೋಗದೆ ಗುಂಡ್ಲುಪೇಟೆಯ ಕಡೆ ತಿರುಗುತ್ತಿದ್ದರು. ಒಂದು ಸಲ ಬಂಡೀಪುರ, ಒಂದು ಸಲ ಕೇರಳದ ಬತ್ತೇರಿ ರಸ್ತೆ, ಒಂದು ಸಲ ಗೋಪಾಲಸ್ವಾಮಿ ಬೆಟ್ಟದ ಬುಡ. ಕುಡಿಯುತ್ತಿರಲಿಲ್ಲ, ಇಸ್ಪೀಟು ಇರಲಿಲ್ಲ, ಹೆಣ್ಣಿನ ಸಹವಾಸವೂ ಇರಲಿಲ್ಲ. ಗಾಡಿ ಓಡಿಸುವುದು, ಒಂದು ಟೀ ಕುಡಿಯುವುದು, ವಾಪಸ್ ಬರುವುದು. ವಾರವಿಡೀ ಓಡಿಸುವ ಗಾಡಿಯನ್ನೇ ಭಾನುವಾರವೂ ಓಡಿಸುವುದರಲ್ಲಿ ಏನು ಸುಖ ಅಂತ ಕೇಳಿದ್ದರೆ ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದರು. ಕುಡಿಯಲು ಹೋಗುತ್ತೇನೆ ಅಂದಿದ್ದರೆ ಮನೆಯಲ್ಲಿ ಒಂದು ಜಗಳವಾಗಿ ಮುಗಿಯುತ್ತಿತ್ತು. ಸುಮ್ಮನೆ ಗಾಡಿ ಓಡಿಸಲು ಹೋಗುತ್ತೇನೆ ಅಂತ ಮೂವತ್ತೈದು ವರ್ಷದ ಸಂಸಾರಸ್ಥ ಯಾವ ಬಾಯಲ್ಲಿ ಹೇಳುತ್ತಾನೆ?

ಆ ಭಾನುವಾರ ಮಹಾಲಿಂಗನ ಮಗಳಿಗೆ ಜ್ವರ ಇತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ, ಇವತ್ತು ರಜ ಹಾಕಿ ಅಂತ ಹೆಂಡತಿ ಭವ್ಯ ಕೇಳಿದ್ದಳು. ಓಟಿ ಕಡ್ಡಾಯ, ಹೋಗದಿದ್ದರೆ ಸೂಪರ್‌ವೈಸರ್ ಬೈಯುತ್ತಾನೆ ಅಂತ ಹೇಳಿ ಮಹಾಲಿಂಗ ಹೊರಟಿದ್ದ. ಮಧ್ಯಾಹ್ನ ಗುಂಡ್ಲುಪೇಟೆಯ ಆಸ್ಪತ್ರೆಯಿಂದ ಶಾಂತರಾಜು ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ ಮಾತು, ಎಲ್ಲಿ ಅಂತ. "ಡ್ಯೂಟಿಗೆ ಓಯ್ತಾ, ಹುಣಸೆಮರದ ತಿರುವಲ್ಲಿ" ಅಂತ ಇವನ ಬಾಯಿಂದ ತಾನಾಗಿ ಬಂತು. ಗೆಳೆಯನ ಮಾನ ಉಳಿಸುವುದು ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ಎಚ್ಚರವಾದ ಮೇಲೆ ಮಹಾಲಿಂಗನೇ ಹೆಂಡತಿಗೆ ಏನಾದರೂ ಹೇಳಿಕೊಳ್ಳಲಿ ಅಂದುಕೊಂಡ. ಎಚ್ಚರವಾಗಲಿಲ್ಲ. ಪೊಲೀಸರು ಬರೆದ ಕಾಗದದಲ್ಲಿ ಸರಿಯಾದ ಜಾಗವೇ ಇತ್ತು. ರಾಚಯ್ಯ ಅದನ್ನು ಓದದೆ ಸಹಿ ಹಾಕಿದ. ಸಾವಿನ ಮನೆಗೆ ಬಂದವರೆಲ್ಲ, ಮಗು ಜ್ವರದಲ್ಲಿ ಮಲಗಿದ್ದರೂ ಸಂಸಾರಕ್ಕೋಸ್ಕರ ದುಡಿಯಲು ಹೋದನಲ್ಲ, ಎಂಥಾ ಗಂಡ ಅಂತ ಹಾಡಿ ಹೊಗಳಿದರು. ಭವ್ಯ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಉಳಿದಿದ್ದದ್ದು ಅದೊಂದೇ. ಅದನ್ನು ಕಿತ್ತುಕೊಳ್ಳುವುದು ಹೇಗೆ ಅಂತ ಶಾಂತರಾಜು ಸುಮ್ಮನಿದ್ದ.

ಈಗ ಇಲ್ಲಿ ರಾಚಯ್ಯ ಎಲೆ ಹಾಕಿ, ಎಲೆಯಡಿಕೆ ಇಟ್ಟು, ಆಯಿಲ್ ಕರೆಯ ಸುತ್ತ ಅರಿಶಿನದ ನೀರು ಚಿಮುಕಿಸಿದ. ಕಾಯಿ ಒಡೆದ. ತಿಥಿಗೆ ಮುಂಚೆ ಹೊಸಿಲು ದಾಟಬಾರದು ಅಂದರೂ ಕೇಳದೆ ಬಂದಿದ್ದ ಭವ್ಯ ಆಟೋದ ಒಳಗೇ ಕೂತು ನೋಡುತ್ತಿದ್ದಳು.

"ಕರೀ ಅಕ್ಕ," ಅಂದ ರಾಚಯ್ಯ.

"ಮಹಾಲಿಂಗ, ಬಾ ಮಗ, ಮನೆಗ ಹೋಗನ," ಅಂದಳು ಚಿಕ್ಕಮಾದಮ್ಮ. ಮೂರು ಸಲವೂ ಒಂದೇ ದನಿಯಲ್ಲಿ, ಊಟಕ್ಕೆ ಕರೆಯುವ ಹಾಗೆ. ಮೂರು ಸಲ ಆದ ಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದಳು. ಆಮೇಲೆ ರಸ್ತೆಯಂಚಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು. ಒಂದನ್ನು ಎತ್ತಿ, ತಿರುವಿ, ಶಾಂತರಾಜುವಿನ ಕಡೆ ಹಿಡಿದಳು.

"ಇದಾ ಮಗ? ಇದ್ರ ಮ್ಯಾಲೆ ತಲೆ ಇತ್ತಾ?"

"ಗೊತ್ತಿಲ್ಲ ಕಣವ್ವ."

"ವಸಿ ಗ್ಯಾಪಕ ಮಾಡ್ಕೊ. ನೀನ್ ಒಬ್ನೆ ಅಲ್ವಾ ನೋಡ್ದಂವ." ಇನ್ನೊಂದನ್ನು ಎತ್ತಿದಳು. ಅದಕ್ಕೆ ಕೆಂಪು ಮೆತ್ತಿಕೊಂಡಿತ್ತು. "ಇದೇ ಕಣ. ಇದ್ರಲ್ಲಿ ಅವುನ್ ರಕ್ತ ಅದೆ ನೋಡು."

"ಅದು ರಕ್ತ ಅಲ್ಲ ಅವ್ವ. ಕೆಮ್ಮಣ್ಣು."

"ನಿಂಗೇನ್ ಗೊತ್ತು. ಮಳೆಗೆ ತೊಳ್ದೋಗಿ ವಸಿ ಉಳ್ಕಂಡದೆ." ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

"ಅಲ್ಲ ಕಣವ್ವ. ಅಂವ ಇಲ್ಲಿ ಬಿದ್ದಿಲ್ಲ."

ಹೇಳಿಬಿಟ್ಟ. ಹೇಳಬೇಕು ಅಂತ ಹೇಳಿದ್ದಲ್ಲ, ಅವಳು ಆ ಕಲ್ಲನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಲಾರದೆ ಹೇಳಿದ್ದು. ರಾಚಯ್ಯ ಒಡೆದ ಕಾಯಿಯ ಹೋಳು ಹಿಡಿದುಕೊಂಡು ಹಾಗೇ ನಿಂತ.

"ಏನ್ಲಾ ಅಂದೆ?"

"ಹಂಗಳದ ತಾವು ಬಿದ್ದದ್ದು ಮಾವ. ಬೆಟ್ಟದ ರಸ್ತೇಲಿ. ಆವತ್ತು ಓಟಿ ಇರ್ಲಿಲ್ಲ. ಸುಮ್ಗೆ ಗಾಡಿಲಿ ಸುತ್ತಾಡಕ್ಕೆ ಹೋಗಿದ್ದೊ."

ರಾಚಯ್ಯ ಹತ್ತಿರ ಬಂದು ಅವನ ಶರ್ಟಿನ ಕೊರಳಪಟ್ಟಿ ಹಿಡಿದ. "ಬಡ್ಡಿಮಗನೆ, ಹತ್ ದಿನದಿಂದ ಒಂದೇ ಮನೇಲಿ ಕೂತು ಉಂಡಿದ್ದಿ. ಸುಳ್ ಜಾಗಕ್ಕೆ ನೀರ್ ಹಾಕುಸ್ಬುಟ್ಟಲ್ಲ. ಆ ಮುದ್ಕಿ ಆಯಿಲ್‌ಗೆ ಕೈ ಮುಗಿತಾ ಅವ್ಳೆ ನೋಡು." ಹೊಡೆಯುತ್ತಾನೆ ಅಂತ ಶಾಂತರಾಜು ಕಾದ. ಹೊಡೆದರೆ ಒಳ್ಳೆಯದಿತ್ತು. ರಾಚಯ್ಯ ಹೊಡೆಯಲಿಲ್ಲ.

ಭವ್ಯ ಆಟೋದಿಂದ ಇಳಿದು ಬಂದಳು. ತಲೆಯ ಮೇಲೆ ಸೆರಗಿತ್ತು. ದನಿ ಒಡೆದು ಹೋಗಿತ್ತು.

"ಬುಡಿ ಮಾವ ಅವ್ರನ್ನ. ಓಟಿ ಇಲ್ಲ ಅಂತ ನಂಗೆ ಗೊತ್ತಿತ್ತು."

ಎಲ್ಲರೂ ಅವಳನ್ನು ನೋಡಿದರು.

"ಡ್ಯೂಟಿ ಮಾಡಿ ಬಂದ ದಿನ ತಲೆ ತುಂಬ ಹತ್ತಿ ಕೂತಿರ್ತದೆ, ನಾನೇ ಬಾಚಿ ತೆಗಿಯದು. ಆ ಭಾನುವಾರಗಳಲ್ಲಿ ಒಂದೆಳೇನೂ ಇರ್ತಿರ್ಲಿಲ್ಲ. ಬರೀ ಧೂಳು. ನಾಕ್ ವರ್ಸದಿಂದ ಗೊತ್ತು. ಎಲ್ಲಿಗೋ ಹೋಗಿ ಬತ್ತಾರೆ, ಬಂದಾಗ ನಗ್ತಾ ಬತ್ತಾರೆ, ಮಗೂನ ಎತ್ಕಂಡ್ ಕುಣಿಸ್ತಾರೆ, ಹೋಗ್ಲಿ ಬುಡು ಅಂತಿದ್ದೆ." ಅವಳು ಶಾಂತರಾಜುವಿನ ಕಡೆ ತಿರುಗಿದಳು. "ಆವತ್ತು ಬಾಗ್ಲಲ್ಲಿ ನಿಂತು, ಗೊತ್ತು ಕಣಿ ನಂಗೆ, ಮನೇಲಿರಿ ಅಂತ ಹೇಳ್ಬುಡನ ಅನ್ಕಂಡೆ ಅಣ್ಣ. ಅಂದಿದ್ರೆ ಇರ್ತಿದ್ರು. ಅನ್ಲಿಲ್ಲ."

ಅಷ್ಟು ಹೇಳಿ ವಾಪಸ್ ಹೋಗಿ ಆಟೋದಲ್ಲಿ ಕೂತಳು. ಚಿಕ್ಕಮಾದಮ್ಮ ಕೈಯಲ್ಲಿದ್ದ ಕೆಂಪು ಕಲ್ಲನ್ನು ಎತ್ತಿದ ಜಾಗದಲ್ಲೇ ಇಟ್ಟಳು. ಮೊಣಕಾಲು ಹಿಡಿದುಕೊಂಡು ಎದ್ದಳು.

"ಹತ್ ದಿನದಿಂದ ಅಲ್ಲಿ ಒಬ್ನೆ ಕೂತವ್ನೆ ನನ್ ಮಗ," ಅಂದಳು. "ನಡೀರಿ."

ಗುಂಡ್ಲುಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ರಾಚಯ್ಯ ಇನ್ನೊಂದು ಕಾಯಿ, ಎಲೆಯಡಿಕೆ, ಕರ್ಪೂರ ತಂದ. ಶಾಂತರಾಜುವಿನ ಮುಖ ನೋಡಲಿಲ್ಲ. ಊಟಿ ರಸ್ತೆಯಲ್ಲಿ ಗಾಡಿ ಮುಂದೆ, ಆಟೋ ಹಿಂದೆ. ಹಂಗಳದಲ್ಲಿ ಬಲಕ್ಕೆ ತಿರುಗಿದ ಮೇಲೆ ಎರಡೂ ಕಡೆ ಚೆಂಡುಹೂವಿನ ಹೊಲಗಳು. ಕೇರಳದ ಕಾರುಗಳು ಅಲ್ಲಲ್ಲಿ ನಿಂತಿದ್ದವು, ಜನ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಣ್ಣ ಕಣ್ಣಿಗೆ ಹೊಡೆಯುವಂತಿತ್ತು. ಶಾಂತರಾಜುವಿಗೆ ಅದು ಬಣ್ಣ ಅಂತ ತಿಳಿಯುತ್ತಿತ್ತು, ಅಷ್ಟೇ.

ತಿರುವಿನಲ್ಲಿ ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿ ಈಗಲೂ ಹಾಗೇ ಇತ್ತು. ಯಾರೂ ಗುದ್ದಿರಲಿಲ್ಲ, ಯಾರೂ ಅಡ್ಡ ಬಂದಿರಲಿಲ್ಲ. ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತ್ತು, ಹೊಲದ ಅಂಚಿನ ಗಡಿಕಲ್ಲಿಗೆ ಎದೆ ಬಡಿದಿತ್ತು. ಇಲ್ಲಿ ಶಾಂತರಾಜು ತೋರಿಸಬೇಕಾಗಲಿಲ್ಲ. ಗಡಿಕಲ್ಲು ವಾಲಿತ್ತು. ಚಿಕ್ಕಮಾದಮ್ಮ ನೇರ ಅಲ್ಲಿಗೇ ಹೋಗಿ ಕೂತಳು.

ಹೂ ಕೀಳುತ್ತಿದ್ದ ಹೆಂಗಸೊಬ್ಬಳು ಮಡಿಲಿನ ಹೂವನ್ನು ಚೀಲಕ್ಕೆ ಸುರಿದು ಹತ್ತಿರ ಬಂದಳು. ಪುಟ್ಟಸಿದ್ದಮ್ಮ ಅಂತ ಅವಳ ಹೆಸರು. ಆವತ್ತು ಮಹಾಲಿಂಗನನ್ನು ಎತ್ತಿ ನೆರಳಿಗೆ ಹಾಕಿದವಳು ಅವಳೇ. ಶಾಂತರಾಜುವಿನ ಗುರುತು ಹಿಡಿದಳು.

"ಓಗ್ಬುಟ್ರಾ?" ಅಂತ ಕೇಳಿದಳು. ಶಾಂತರಾಜು ತಲೆಯಾಡಿಸಿದ. ಅವಳು ಚಿಕ್ಕಮಾದಮ್ಮನ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. "ಮಾತಾಡ್ತಿದ್ರು ಕಣವ್ವ ಮೊದ್ಲು. ನೀರ್ ಕೊಟ್ಟೊ, ಒಂದ್ ಗುಟುಕ್ ಕುಡುದ್ರು. ಆಸ್ಪತ್ರೆಗೆ ಓಗನ, ಯಾವ್ದಾರ ಕಾರ್ ನಿಲ್ಲುಸ್ತೀವಿ ಅಂದ್ರೆ ಬ್ಯಾಡ ಅಂದ್ರು. ನಮ್ಮಂವ ಮುಂದುಕ್ಕೆ ಓಗವ್ನೆ, ಈಗ್ ತಿರಿಕ್ಕಂಡ್ ಬತ್ತಾನೆ, ಅಂವ ಬರ್ಲಿ ಅಂದ್ರು. ಎರ್ಡ್ ಮೂರ್ ಸಲ ಅಂದ್ರು. ಆಮೇಕೆ ಮಾತ್ ನಿಂತೋಯ್ತು."

ಇದು ಶಾಂತರಾಜುವಿಗೂ ಗೊತ್ತಿರಲಿಲ್ಲ. ಅವನು ಬಂದಾಗ ಮಹಾಲಿಂಗನ ಕಣ್ಣು ಮುಚ್ಚಿತ್ತು. ಬಿದ್ದ ಕೂಡಲೇ ಪ್ರಜ್ಞೆ ಹೋಗಿತ್ತು ಅಂತ ಅವನೇ ಎಲ್ಲರಿಗೂ ಹೇಳಿದ್ದ, ತಾನೂ ಅದನ್ನೇ ನಂಬಿದ್ದ.

"ನೀವ್ ಎಲ್ಲಿದ್ರಿ ಅಣ್ಣ?" ಆಟೋದಿಂದ ಇಳಿದು ಬಂದಿದ್ದ ಭವ್ಯ ಕೇಳಿದಳು. ದೂರುವ ದನಿಯಲ್ಲ, ತಿಳಿದುಕೊಳ್ಳಬೇಕು ಅನ್ನುವ ದನಿ.

"ಬೆಟ್ಟದ ಬುಡದಲ್ಲಿ. ಟೀ ಅಂಗ್ಡೀಲಿ." ಅವನು ಗಡಿಕಲ್ಲನ್ನು ನೋಡುತ್ತಾ ಹೇಳಿದ. "ಯಾರು ಮೊದ್ಲು ಹೋಯ್ತಾರೆ ನೋಡನ ಅಂತ ನಾನೇ ಅಂದದ್ದು. ಜೋರಾಗ್ ಹೋದೆ. ಹಿಂದುಕ್ಕೆ ನೋಡ್ಲಿಲ್ಲ. ಗೆದ್ದೆ ಅನ್ಕಂಡು ಎರಡು ಟೀ ಹೇಳ್ದೆ. ಅವನ್ದುಕ್ಕೆ ಸಕ್ಕರೆ ಜಾಸ್ತಿ ಹಾಕ್ಸಿದ್ದೆ. ಬರ್ಲಿಲ್ಲ. ಉಚ್ಚೆಗೆ ನಿಲ್ಸವ್ನೆ ಅನ್ಕಂಡೆ. ನಂದ್ ಕುಡ್ದೆ. ಆರೋಯ್ತದೆ ಅಂತ ಅವನ್ದೂ ಕುಡ್ದೆ. ಆಮೇಲೆ ಬಂದೆ."

ಪುಟ್ಟಸಿದ್ದಮ್ಮ ಎದ್ದು ಹೊಲಕ್ಕೆ ಹೋದಳು. ಭವ್ಯ ತುಟಿ ಕಚ್ಚಿಕೊಂಡು ಹೂವಿನ ಕಡೆ ನೋಡುತ್ತಾ ನಿಂತಳು. ಹೋಗಲಿ ಬಿಡಿ ಅಣ್ಣ ಅಂತ ಅವಳು ಅನ್ನಲಿಲ್ಲ, ಅನ್ನಬೇಕು ಅಂತ ಶಾಂತರಾಜುವೂ ಎದುರು ನೋಡಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಎದೆಯಲ್ಲಿ ಒಂದಿಷ್ಟು ನೋವು. ಅದೂ ಬರಲಿಲ್ಲ.

ರಾಚಯ್ಯ ಮತ್ತೆ ಎಲೆ ಹಾಕಿ, ನೀರು ಚಿಮುಕಿಸಿ, ಕಾಯಿ ಒಡೆದ. ಚಿಕ್ಕಮಾದಮ್ಮ ಗಡಿಕಲ್ಲಿನ ಬುಡಕ್ಕೆ ಬಾಯಿ ಹತ್ತಿರ ತಂದು ಕರೆದಳು. "ಮಹಾಲಿಂಗ, ಬಾ ಮಗ, ಮನೆಗ ಹೋಗನ." ಇನ್ನೊಂದು ಸಲ ಕರೆದಳು. ಮೂರನೆಯದಕ್ಕೆ ನಿಲ್ಲಿಸಿ ತಲೆಯೆತ್ತಿದಳು.

"ಮೂರ್ನೇದು ನೀನ್ ಕರಿ."

"ನಾನಾ ಅವ್ವ?"

"ಮನೆಯೋರೇ ಕರೀಬೇಕು ಅಕ್ಕ," ಅಂದ ರಾಚಯ್ಯ.

"ಸುಮ್ಕಿರು ನೀನು. ಅಂವ ಕಾಯ್ತಾ ಇದ್ದದ್ದು ನನ್ನಲ್ಲ." ಅವಳ ದನಿಯಲ್ಲಿ ಸಿಟ್ಟಿತ್ತು. ಹತ್ತು ದಿನದಲ್ಲಿ ಮೊದಲ ಸಲ ಶಾಂತರಾಜುವಿನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. "ಕರೀಲಾ."

ಶಾಂತರಾಜು ಬಾಯಿ ತೆರೆದ. ಶಿಫ್ಟ್ ಮುಗಿದ ಮೇಲೆ ಫ್ಯಾಕ್ಟರಿಯ ಸ್ಟ್ಯಾಂಡಿನಲ್ಲಿ ಗಾಡಿ ತೆಗೆಯುತ್ತಾ ಕರೆಯುವ ದನಿಯೇ ಬಂತು. "ಮಹಾಲಿಂಗ, ಬಾರ್ಲಾ, ಮನೆಗ ಹೋಗನ."

ಚಿಕ್ಕಮಾದಮ್ಮ ಗಡಿಕಲ್ಲಿನ ಬುಡದಿಂದ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಜಲ್ಲಿಕಲ್ಲು ತೆಗೆದಳು. ಈ ಸಲ ಯಾರನ್ನೂ ಕೇಳಲಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಶಾಂತರಾಜುವಿನ ಶರ್ಟಿನ ಜೇಬಿಗೆ ಹಾಕಿದಳು. ಗಾಡಿಯಲ್ಲಿ ಹೊರಟವನು ಗಾಡಿಯಲ್ಲೇ ಬರಬೇಕು, ಆಟೋದಲ್ಲಿ ಬರುವವನಲ್ಲ ಅಂದಳು. ಹುಣಸೆಮರದ ತಿರುವು ಬಿಟ್ಟ ಮೇಲೆ ಮೊದಲ ಸಲ ರಾಚಯ್ಯ ಅವನ ಮುಖ ನೋಡಿ ಕಟ್ಟಳೆ ಹೇಳಿದ.

"ಹಿಂದ್ಗಡೆ ಸೀಟ್ನಲ್ಲಿ ಯಾರ್ನೂ ಕೂರುಸ್ಬ್ಯಾಡ. ಎಲ್ಲೂ ನಿಲ್ಲುಸ್ಬ್ಯಾಡ, ಯಾರ್ ಮಾತಾಡ್ಸುದ್ರೂ ಮಾತಾಡ್ಬ್ಯಾಡ. ಏನೇ ಆದ್ರೂ ಹಿಂದುಕ್ಕೆ ತಿರುಗಿ ನೋಡ್ಬ್ಯಾಡ. ನೋಡುದ್ರೆ ಅಂವ ಅಲ್ಲೇ ಇಳ್ದೋಯ್ತಾನೆ. ಮನೆ ಮುಂದೆ ನಿಂತು, ಇಳಿ ಅಂತ ಹೇಳು. ಅಂವ ಇಳುದ್ ಮ್ಯಾಲೆ ನೀನ್ ಇಳಿ." ಹಾಗೆ ಹೇಳಿ ಗಾಡಿಯ ಎರಡೂ ಕನ್ನಡಿಗಳನ್ನು ಆಕಾಶದ ಕಡೆ ತಿರುಗಿಸಿದ.

ಹಿಂದಕ್ಕೆ ನೋಡಬೇಕಾದ ದಿನ ನೋಡಲಿಲ್ಲ, ಇವತ್ತು ನೋಡಬಾರದು ಅಂತಾರೆ. ಶಾಂತರಾಜು ಹೆಲ್ಮೆಟ್ ಹಾಕಿಕೊಂಡು ಕಿಕ್ ಹೊಡೆದ.

ಮೂವತ್ತರ ಮೇಲೆ ಹೋಗಲಿಲ್ಲ. ಆಟೋ ಅವನನ್ನು ದಾಟಿ ಮುಂದೆ ಹೋಯಿತು. ಗುಂಡ್ಲುಪೇಟೆಯ ಸರ್ಕಲ್ಲಿನಲ್ಲಿ ಫ್ಯಾಕ್ಟರಿಯ ಶಿವಶಂಕರ ಅಡ್ಡ ಸಿಕ್ಕಿ ಕೈ ಎತ್ತಿದ, ಏನೋ ಕೇಳಿದ. ಇವನು ಮಾತಾಡದೆ ಹೋದ. ಹಂಪು ಬಂದಾಗಲೆಲ್ಲ ನಿಧಾನ ಮಾಡಿದ, ಹಿಂದೆ ಕೂತವರಿಗೆ ಎತ್ತಿ ಹಾಕದಿರಲಿ ಅಂತ. ಆದರೂ ಖಾಲಿ ಗಾಡಿ ಎಗರುವ ಹಾಗೇ ಎಗರಿತು. ಬೆನ್ನಿಗೆ ಬರೀ ಗಾಳಿ ತಾಗುತ್ತಿತ್ತು. ಒಂದೇ ಒಂದು ಸಲ ತಿರುಗಿ ನೋಡಬೇಕು ಅಂತ ಕತ್ತು ತಾನಾಗಿ ಹೊರಳುತ್ತಿತ್ತು. ಹೊರಳಿಸದೆ ಹಿಡಿದುಕೊಂಡಿದ್ದಕ್ಕೆ ತೆರಕಣಾಂಬಿ ಬರುವ ಹೊತ್ತಿಗೆ ಕತ್ತಿನ ನರ ಸೆಟೆದು ನೋಯತೊಡಗಿತು. ಹತ್ತು ದಿನದಲ್ಲಿ ಅವನಿಗೆ ಗೊತ್ತಾದ ಮೊದಲ ನೋವು ಅದು.

ಊರಿಗೆ ಬಂದಾಗ ಹೊತ್ತು ಇಳಿದಿತ್ತು. ಚಿಕ್ಕಮಾದಮ್ಮ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ಭವ್ಯ. ಜಗಲಿಯ ಮೇಲೆ ಅಕ್ಕಪಕ್ಕದ ಮನೆಯವರು ಮಾತು ನಿಲ್ಲಿಸಿ ಕೂತಿದ್ದರು. ಶಾಂತರಾಜು ಮನೆಯ ಮುಂದೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಎರಡೂ ಕಾಲು ನೆಲಕ್ಕೆ ಊರಿದ.

"ಹೇಳ್ಲಾ," ಅಂದ ರಾಚಯ್ಯ, ಮೆಲ್ಲಗೆ.

"ಇಳಿಯೋ ಮಹಾಲಿಂಗ," ಅಂದ. "ಮನೆ ಬಂತು."

ಹಿಂದೆ ಕೂತವರು ಇಳಿದರೆ ಗಾಡಿ ಒಂದು ಬೆರಳಿನಷ್ಟು ಮೇಲೇಳುತ್ತದೆ, ಓಡಿಸುವವನಿಗೆ ಅದು ತಿರುಗಿ ನೋಡದೆಯೂ ತಿಳಿಯುತ್ತದೆ. ಶಾಂತರಾಜು ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು ಕಾದ. ಚಿಕ್ಕಮಾದಮ್ಮ ಬಂದು ಹಿಂದಿನ ಚಕ್ರಕ್ಕೆ ನೀರು ಹಾಕಿದಳು. ಅವನ ಜೇಬಿನಿಂದ ಬಟ್ಟೆಯ ಗಂಟು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು. ಭವ್ಯ ಹೋದಳು, ರಾಚಯ್ಯ ಹೋದ, ಜಗಲಿಯವರೂ ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಯಾರೋ ಬಾಗಿಲಿಂದ ಬಗ್ಗಿ, ಬಾರಪ್ಪ, ಊಟಕ್ಕಿಟ್ಟವ್ರೆ ಅಂತ ಕರೆದರು.

ಗಾಡಿ ಇನ್ನೂ ಒಂದು ಬೆರಳಿನಷ್ಟೂ ಮೇಲೆದ್ದಿರಲಿಲ್ಲ. ಅವನು ಇಳಿಯಲಿಲ್ಲ.